ಹಗ್ಗ ಬಿಟ್ಟು ಬಂದ ಸ್ಟಾಪರ್

ಕಾಪು
23-11-1978

ಪ್ರೀತಿಯ ರೇಮಂಡ್,

ದೀಪಾವಳಿಗೆ ನೀನು ಬರೆದ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ, ಮಾರಾಯ. ಎರಡು ಸಲ ಬರೆಯಲು ಕುಳಿತೆ, ಎರಡು ಸಲವೂ ಸಿಟ್ಟಿನಲ್ಲಿ ಹರಿದು ಹಾಕಿದೆ. ಈ ಸಲವೂ ಸಿಟ್ಟು ಇಳಿದಿಲ್ಲ, ಆದರೆ ಇನ್‌ಲ್ಯಾಂಡ್ ಹಾಳೆ ಮುಗಿಯುತ್ತಾ ಬಂತು.

ಮೊದಲು ನಿನಗೆ ಬೇಕಾದ ಸುದ್ದಿ. ಕಳೆದ ಭಾನುವಾರ ಇನ್ನಂಜೆಗೆ ಹೋಗಿದ್ದೆ. ನಿನ್ನ ಅಮ್ಮ ಸಿಸಿಲಿಯಾ ಬಾಯಿ ಚೆನ್ನಾಗಿದ್ದಾರೆ. ಮೊಣಕಾಲು ನೋವಂತೆ, ಆದರೂ ಮಲ್ಲಿಗೆ ಗಿಡಗಳಿಗೆ ನೀರು ಹಾಕುವುದನ್ನು ಬೇರೆಯವರಿಗೆ ಬಿಡುವುದಿಲ್ಲ. "ರೇಮಂಡ್ ಬೊಂಬಾಯಿಯಲ್ಲಿ ಎಂತ ತಿನ್ನುತ್ತಾನೋ, ಫೋಟೋದಲ್ಲಿ ಕುತ್ತಿಗೆಯೇ ಕಾಣುವುದಿಲ್ಲ" ಎಂದರು. ಬೊಜ್ಜು ಬಂದಿದೆಯಲ್ಲ ನಿನಗೆ? ಮೈದಾನ ಬಿಟ್ಟವನ ಗತಿ ಅದೇ.

ಇನ್ನು ನನ್ನ ಸುದ್ದಿ. ನಮ್ಮ ಕಾಲೇಜಿನಲ್ಲಿ ಫುಟ್‌ಬಾಲ್ ನಿಲ್ಲಿಸಿದ್ದಾರೆ. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದರು. ಎಂಟು ವರ್ಷದಿಂದ ಹುಡುಗರನ್ನು ಆಡಿಸುವವನು ನಾನು, ನನಗೆ ಆ ಸುದ್ದಿ ಹೇಳಿದ್ದು ಗಂಟೆ ಹೊಡೆಯುವ ಅಟೆಂಡರು! ಹದಿನಾರು ವರ್ಷದ ಹಿಂದೆ ನೀನು ಬಲಬದಿಗೆ, ನಾನು ಎಡಬದಿಗೆ ಬ್ಯಾಕ್ ನಿಂತು ಮೊಣಕೈ ಮೊಣಕಾಲು ಒಡೆದುಕೊಂಡ ಮೈದಾನ ಅದು. ಅಲ್ಲಿ ಇನ್ನು ಕ್ರಿಕೆಟ್ ಮಾತ್ರವಂತೆ.

ಹೌದು, ನಾವು ಸೋಲುತ್ತಿದ್ದೆವು. ಮೂರು ವರ್ಷದಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆದರೆ ಯಾಕೆ ಸೋಲುತ್ತಿದ್ದೆವು ಎಂದು ಒಬ್ಬರಾದರೂ ಕೇಳಿದರೇ? ಈ ವರ್ಷ ಹನ್ನೊಂದು ಜನರನ್ನು ಒಟ್ಟು ಮಾಡಲು ನಾನು ಪಟ್ಟ ಪಾಡು ಮದುವೆ ದಲ್ಲಾಳಿಗೂ ಬೇಡ. ಕಾಲಿಗೆ ಶೂ ಇದ್ದವರೆಲ್ಲ ಕ್ರಿಕೆಟಿಗೆ ಹೋದರು. ಗೋಲ್‌ಕೀಪರ್ ಮೌರಿಸ್ ಧೈರ್ಯದ ಹುಡುಗ, ಆದರೆ ಕನ್ನಡಕ ತೆಗೆದಿಟ್ಟು ಆಡಬೇಕು. ಹತ್ತಿರದ ಚೆಂಡನ್ನು ಹಿಡಿಯುತ್ತಾನೆ, ದೂರದಿಂದ ಹೊಡೆದರೆ ಶಬ್ದ ಕೇಳಿ ಹಾರುತ್ತಾನೆ. ಸೆಂಟರ್ ಫಾರ್ವರ್ಡ್ ಹಯಗ್ರೀವ, ನಮ್ಮ ಪ್ರಿನ್ಸಿಪಾಲ್ ಯಜ್ಞನಾರಾಯಣ ರಾಯರ ತಂಗಿಯ ಮಗ. ಬೆಂಗಳೂರಿನಿಂದ ತರಿಸಿದ ಬೂಟು ಅವನದು. ಬೂಟಿಗೆ ಕೆಸರು ತಾಗದಂತೆ ಆಡುವ ಇನ್ನೊಬ್ಬ ಆಟಗಾರನನ್ನು ನಾನು ಕಂಡಿಲ್ಲ. ಅವನನ್ನು ಬಿಡುವಂತಿಲ್ಲ, ಬಿಟ್ಟರೆ ಬಸ್ಸಿನ ಖರ್ಚಿಗೆ ಸಹಿ ಬೀಳುವುದಿಲ್ಲ.

ಇದ್ದ ಬಲವೆಲ್ಲ ಹಿಂದಿನ ನಾಲ್ವರಲ್ಲಿ. ನಾಲ್ವರೂ ಕಾಪು ಕಡಲ ಬದಿಯಲ್ಲಿ ಬಲೆ ಎಳೆಯುವ ಮೊಗವೀರರ ಮಕ್ಕಳು, ಬರಿಗಾಲಲ್ಲಿ ಹೊಯಿಗೆಯ ಮೇಲೆ ಓಡಿ ಬೆಳೆದವರು. ಅವರ ನಡುವೆ ನಿಲ್ಲುವ ಸ್ಟಾಪರ್ ಚಂದು. ಗೊತ್ತಲ್ಲ, ನನ್ನ ಅಣ್ಣ ಕೂಸಪ್ಪನ ಮಗ. ನೀನು ಹೋಗುವಾಗ ಚಡ್ಡಿ ಹಾಕದೆ ಓಡಾಡುತ್ತಿದ್ದವನು ಈಗ ನನಗಿಂತ ಒಂದು ಗೇಣು ಎತ್ತರ.

ಮಣಿಪಾಲದಲ್ಲಿ ಮೊದಲ ಪಂದ್ಯ. ಆರು ಗೋಲು ತಿಂದೆವು. ಆರೂ ಒಂದೇ ತರಹ. ಚೆಂಡು ಒಂದು ಬದಿಗೆ ಬಂದ ಕೂಡಲೇ ನಮ್ಮ ನಾಲ್ವರೂ ಒಟ್ಟಿಗೆ ಅತ್ತ ಸರಿಯುತ್ತಾರೆ. ಅವರು ಚೆಂಡನ್ನು ಈಚೆ ಬದಿಗೆ ದಾಟಿಸುತ್ತಾರೆ, ಇಲ್ಲಿ ನರಪಿಳ್ಳೆ ಇಲ್ಲ. "ಕುರಿಗಳ ಹಾಗೆ ಒಟ್ಟಿಗೆ ಓಡುವುದೆಂತಕ್ಕೆ?" ಎಂದು ಹಾಫ್ ಟೈಮಿನಲ್ಲಿ ಬೊಬ್ಬೆ ಹೊಡೆದೆ. ತಲೆ ತಗ್ಗಿಸಿ ನಿಂತರು, ಮತ್ತೆ ಹೋಗಿ ಅದನ್ನೇ ಮಾಡಿದರು.

ಮರುದಿನ ರಾಯರು ನನ್ನನ್ನು ಕೋಣೆಗೆ ಕರೆಸಿ ಕಾಗದದ ಮೇಲೆ ಗೀಟು ಎಳೆದು ಪಾಠ ಮಾಡಿದರು. "ದಾಮೋದರ, ಹನ್ನೊಂದು ಜನರನ್ನೂ ಗೋಲಿನ ಎದುರು ನಿಲ್ಲಿಸಿ. ಚೆಂಡು ಹೇಗೆ ಒಳಗೆ ಹೋಗುತ್ತದೆ, ನೋಡುವ." ಹಾಗಾದರೆ ನಾವು ಗೋಲು ಹೊಡೆಯುವುದು ಯಾವಾಗ ಸಾರ್ ಎಂದೆ. "ಅದನ್ನು ಆಮೇಲೆ ನೋಡಿಕೊಳ್ಳಬಹುದು" ಎಂದರು. ಜೀವಮಾನದಲ್ಲಿ ಒಂದು ಚೆಂಡನ್ನೂ ಒದೆಯದವರು! ಸಂಸ್ಕೃತ ಶ್ಲೋಕಕ್ಕೆ ನಾನು ಅರ್ಥ ಹೇಳಲು ಹೋಗುತ್ತೇನೆಯೇ?

ದಾರಿ ತೋರಿಸಿದ್ದು ಚಂದು. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ತಲೆ ಕೆರೆದುಕೊಂಡು ಬಂದ. "ಸರ್, ನಾವು ಒಟ್ಟಿಗೆ ಸರಿಯುವುದು ರಂಪಣಿ ಎಳೆದು ಅಭ್ಯಾಸ ಆಗಿ. ಅದು ಬಿಡ್ಲಿಕ್ಕೆ ಆಗುವುದಿಲ್ಲ" ಎಂದ. ರಂಪಣಿ ಬಲೆ ನೀನು ನೋಡದ್ದಲ್ಲ. ಬಲೆಯ ಬಡಗು, ತೆಂಕು ಎರಡು ತುದಿಯ ಹಗ್ಗ ಹಿಡಿದು ಎರಡು ಗುಂಪು ದಡದಲ್ಲಿ ಎಳೆಯುತ್ತಾ ಎಳೆಯುತ್ತಾ ಹತ್ತಿರ ಬರುತ್ತವೆ. "ಆದರೆ ಅಲ್ಲಿ ನಡುವೆ ಅಪ್ಪ ನಿಂತಿರುತ್ತಾರೆ. ಬಡಕಾಯಿ ನಿಲ್ಲಿ, ತೆನ್ಕಾಯಿ ಎಳೆಯಿರಿ ಅಂತ ಕೂಗುತ್ತಾರೆ. ಅವರು ಹಗ್ಗ ಮುಟ್ಟುವುದಿಲ್ಲ. ನಮಗೂ ಹಾಗೆ ಕೂಗುವವ ಒಬ್ಬ ಬೇಕು ಸರ್. ನಾನು ಓಡುವುದಿಲ್ಲ, ಹಿಂದೆ ನಿಂತು ಕೂಗುತ್ತೇನೆ."

ನನ್ನ ತಲೆಗೆ ಇದು ಎಂಟು ವರ್ಷದಲ್ಲಿ ಹೊಳೆದಿರಲಿಲ್ಲ. ಕಾರ್ಕಳದ ಪಂದ್ಯದಲ್ಲಿ ಅವನನ್ನು ಮೂವರ ಹಿಂದೆ ನಿಲ್ಲಿಸಿದೆ. ಪುಣ್ಯಕ್ಕೆ ಆ ಮೈದಾನದ ಗೋಲುಗಳು ಪೂರ್ವ ಪಶ್ಚಿಮಕ್ಕೆ ಇದ್ದವು. ಚಂದು "ಬಡಕಾಯಿ!" ಎಂದರೆ ಇಬ್ಬರು ಉತ್ತರಕ್ಕೆ, "ತೆನ್ಕಾಯಿ ನಿಲ್ಲ್!" ಎಂದರೆ ಮೂರನೆಯವ ದಕ್ಷಿಣದಲ್ಲಿ ಕಂಬದ ಹಾಗೆ. ಹಾಫ್ ಟೈಮಿನ ನಂತರ ಬದಿ ಬದಲಾದರೂ ಉತ್ತರ ಉತ್ತರವೇ ಅಲ್ವಾ? ಸೊನ್ನೆ ಸೊನ್ನೆಗೆ ಮುಗಿಯಿತು, ರೇಮಂಡ್! ಮೂರು ವರ್ಷದಲ್ಲಿ ಮೊದಲ ಬಾರಿ ನಾವು ಸೋಲದೆ ಬಸ್ಸು ಹತ್ತಿದೆವು. ಮೌರಿಸ್ ಕನ್ನಡಕ ಹಾಕಿಕೊಂಡು ಅತ್ತುಬಿಟ್ಟ.

ರಾಯರು ಏನೆಂದರು ಗೊತ್ತೇ? "ಗೋಲು ಹೊಡೆಯಲಿಲ್ಲವಲ್ಲ." ಹನ್ನೊಂದು ಜನರನ್ನು ಗೋಲಿನ ಎದುರು ನಿಲ್ಲಿಸಲು ಹೇಳಿದ ಅದೇ ಬಾಯಿ! ಆಮೇಲೆ ಕಾಲೇಜು ಕಮಿಟಿಯ ಮಾತೆಂದು ತಿಳಿಸಿದರು: ಹದಿನೆಂಟನೇ ತಾರೀಕು ಉಡುಪಿಯವರೊಡನೆ ಕೊನೆಯ ಪಂದ್ಯ. ಅದರಲ್ಲಿ ಸೋತರೆ ಫುಟ್‌ಬಾಲಿಗೆ ಮಂಗಳ.

ಆ ಶನಿವಾರ ಬೆಳಿಗ್ಗೆ ಬಸ್ಸಿನ ಹತ್ತಿರ ಎಂಟೇ ಜನ. ಚಂದು ಇಲ್ಲ, ಅವನ ಬದಿಯ ಇಬ್ಬರೂ ಇಲ್ಲ. ಕಡಲಿಗೆ ಬಂಗುಡೆ ಬಂದಿದೆ, ಅಣ್ಣನ ರಂಪಣಿ ನೀರಿಗೆ ಬಿದ್ದಿದೆ, ಊರೆಲ್ಲ ದಡದಲ್ಲಿ ಉಂಟು ಎಂದರು. ಮಲ್ಪೆಯ ಯಂತ್ರದ ಬೋಟುಗಳು ಬಂದ ಮೇಲೆ ಎರಡು ವರ್ಷ ಅಣ್ಣನ ಬಲೆಗೆ ಹೇಳಿಕೊಳ್ಳುವಂಥ ಮೀನು ಬಿದ್ದಿರಲಿಲ್ಲ. ಪ್ರಾಯದ ಗಂಡಸರು ಅರ್ಧಕ್ಕರ್ಧ ಬೋಟಿನ ಕೆಲಸಕ್ಕೆ ಹೋಗಿದ್ದಾರೆ. ಅದೆಲ್ಲ ನನಗೂ ಗೊತ್ತು. ಆದರೆ ಬಂಗುಡೆಗೆ ಇದೇ ದಿನ ಬೇಕಿತ್ತೇ?

ಬಸ್ಸನ್ನು ದಡಕ್ಕೇ ಬಿಡಿಸಿದೆ. ಚಂದು ಬಡಗಿನ ಹಗ್ಗ ಸೊಂಟಕ್ಕೆ ಒತ್ತಿ ಎಳೆಯುತ್ತಿದ್ದ. ಹತ್ತು ಗಂಟೆಗೆ ಪಂದ್ಯ, ಹೊರಡು ಎಂದೆ. ಅವನು ಅಪ್ಪನ ಮುಖ ನೋಡಿದ. ಅಣ್ಣ ನಡುವಿನಿಂದಲೇ ಹೇಳಿದ, "ದಾಮು, ಇನ್ನು ಒಂದು ಗಂಟೆ. ಬಲೆ ದಡಕ್ಕೆ ಬಂದ ಮೇಲೆ ಕರಕೊಂಡು ಹೋಗು."

ಒಂದು ಗಂಟೆ! ಅಷ್ಟರಲ್ಲಿ ಉಡುಪಿಯವರಿಗೆ ಆಡದೆಯೇ ಗೆಲುವು ಕೊಟ್ಟುಬಿಡುತ್ತಾರೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನಗೆ ಬಂಗುಡೆ ದೊಡ್ಡದಾ, ಮಗನ ಭವಿಷ್ಯ ದೊಡ್ಡದಾ? ಇವನೂ ನಿನ್ನ ಹಾಗೆ ಹೊಯಿಗೆಯಲ್ಲೇ ಸಾಯಬೇಕಾ?" ಎಂದು ಅಷ್ಟು ಜನರ ಎದುರು ಕೇಳಿದೆ. ಹಗ್ಗದ ಮೇಲಿದ್ದ ಚಂದುವಿನ ಕೈಯನ್ನು ನಾನೇ ಬಿಡಿಸಿದೆ. ಇನ್ನಿಬ್ಬರು ತಾವಾಗಿಯೇ ಬಂದರು. ಅಣ್ಣ ಬಲೆಯ ಕಡೆ ತಿರುಗಿದ. ಮೂವರು ಹೋದರೆ ಅಷ್ಟು ದೊಡ್ಡ ಬಲೆ ಮುಳುಗುತ್ತದೆಯೇ? ಹೇಳು, ನಾನು ಮಾಡಿದ್ದು ತಪ್ಪಾ? ಫುಟ್‌ಬಾಲ್ ಉಳಿದಿದ್ದರೆ ಚಂದುವಿಗೆ ವಿಶ್ವವಿದ್ಯಾಲಯದ ತಂಡ, ಅದರ ಹಿಂದೆ ಒಂದು ಸರಕಾರಿ ಕೆಲಸ. ಅಣ್ಣನ ಮಗನ ಒಳ್ಳೆಯದಕ್ಕೇ ತಾನೇ ನಾನು ಬಾಯಿ ಬಿಟ್ಟದ್ದು?

ಪಂದ್ಯದಲ್ಲಿ ಮೂರು ಗೋಲಿಗೆ ಸೋತೆವು. ಚಂದು ಹಿಂದೆ ನಿಂತಿದ್ದ, ಒಂದೇ ಒಂದು ಸಲವೂ ಕೂಗಲಿಲ್ಲ. ಗೆರೆಯ ಹೊರಗಿನಿಂದ ನಾನು "ಬಡಕಾಯಿ, ತೆನ್ಕಾಯಿ" ಎಂದು ಗಂಟಲು ಹರಿದುಕೊಂಡೆ. ನನ್ನ ಸ್ವರಕ್ಕೆ ಆ ಹುಡುಗರು ಕದಲಲಿಲ್ಲ. ಯಾಕೆ ಹೀಗೆ ಮಾಡಿದಿ ಎಂದು ಬಸ್ಸಿನಲ್ಲಿ ಕೇಳಿದ್ದಕ್ಕೆ "ಸ್ವರ ಬರ್ಲಿಲ್ಲ ಸರ್" ಎಂದು ಕಿಟಕಿಯ ಕಡೆ ತಿರುಗಿದ.

ಸೋಮವಾರ ನೋಟಿಸು. ನೀನು ಹಳೇ ವಿದ್ಯಾರ್ಥಿ, ಬೊಂಬಾಯಿಯಲ್ಲಿ ಇರುವವನು, ನಿನ್ನ ಮಾತಿಗೆ ಬೆಲೆ ಉಂಟು. ಕಮಿಟಿಗೆ ಒಂದು ಖಾರವಾದ ಕಾಗದ ಬರೆ. ತಂಡ ಕಟ್ಟಲು ಬಿಡದೆ ತಂಡ ಸೋತಿತು ಎನ್ನುವುದು ಯಾವ ನ್ಯಾಯ ಎಂದು ಕೇಳು. ಇಂಗ್ಲಿಷಿನಲ್ಲಿ ಬರೆ, ಅವರಿಗೆ ಬೇಗ ತಾಗುತ್ತದೆ.

ಡುಲ್ಸಿನ್‌ಗೆ ನನ್ನ ನಮಸ್ಕಾರ ತಿಳಿಸು. ಪುಟ್ಟ ಲೂಯಿಸ್ ನಡೆಯಲು ಕಲಿತ ಎಂದು ಓದಿ ಇಲ್ಲಿ ಮನೆಯಲ್ಲಿ ಸ್ವರ್ಣಲತಾಗೆ ಬಹಳ ಸಂತೋಷವಾಯಿತು. ಅವನ ಕಾಲಿಗೆ ಬಲ ಬರಲಿ, ಆಯುಷ್ಯ ಆರೋಗ್ಯ ತುಂಬಿ ಇರಲಿ, ಅಪ್ಪನಿಗಿಂತ ಒಳ್ಳೆಯ ಬ್ಯಾಕ್ ಆಗಲಿ ಎಂದು ನಮ್ಮಿಬ್ಬರ ಆಶೀರ್ವಾದ.

ನಿನ್ನವ,
ದಾಮೋದರ

ತಾ.ಕ.: ಅಂಟಿಸುವ ಮೊದಲು ಒಮ್ಮೆ ಓದಿದೆ. ಮೂವರು ಹೋದರೆ ಬಲೆ ಮುಳುಗುತ್ತದೆಯೇ ಎಂದು ಬರೆದಿದ್ದೇನಲ್ಲ, ಆವತ್ತು ಬಡಗಿನ ಹಗ್ಗದಲ್ಲಿ ಇದ್ದ ಪ್ರಾಯದವರು ಆ ಮೂವರೇ. ಉಳಿದವರೆಲ್ಲ ಅರುವತ್ತು ದಾಟಿದವರು. ನಮ್ಮ ಬಸ್ಸು ತಿರುಗುವಾಗಲೇ ಆ ತುದಿ ಜಾರಿ, ಬಲೆ ಓರೆಯಾಗಿ, ಬಂಗುಡೆಯ ಹಿಂಡು ಪುನಃ ಕಡಲಿಗೆ ಹೋಯಿತು. ಚಂದು ಕಿಟಕಿಯಿಂದ ಅದನ್ನು ನೋಡಿದ್ದಾನೆ.

ಆವತ್ತೇ ಸಂಜೆ ನಳಿನಾಕ್ಷಿ ಅತ್ತಿಗೆ ಬಾಳೆಲೆಯಲ್ಲಿ ಎಂಟು ಬಂಗುಡೆ ತಂದುಕೊಟ್ಟರು. ಇದೆಂತ ಅತ್ತಿಗೆ ಎಂದೆ. "ಹಗ್ಗ ಮುಟ್ಟಿದವರಿಗೆಲ್ಲ ಪಾಲು ಉಂಟಲ್ಲ. ದಾಮುವೂ ಮುಟ್ಟಿದ್ದಾನೆ, ಕೊಟ್ಟು ಬಾ ಅಂತ ಹೇಳಿದ್ರು" ಎಂದರು. ಅತ್ತಿಗೆಯ ಸ್ವರದಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳ ಮಾಡಿಯಾದರೂ ಹಗುರಾಗುತ್ತಿದ್ದೆ. ಅಣ್ಣ ಆ ಹಗ್ಗ ಎಳೆದೇ ನನ್ನನ್ನು ಓದಿಸಿದ್ದು, ರೇಮಂಡ್. ಕಾಲೇಜು ಸೇರಿದ ಮೇಲೆ ನಾನು ಅದನ್ನು ಮುಟ್ಟಿದ್ದು ಇದೇ ಮೊದಲು, ಅದೂ ಅವನ ಮಗನ ಕೈ ಬಿಡಿಸಲಿಕ್ಕೆ. ನನಗೆ ನಾಚಿಕೆಯಾಗಿದೆ.

ಸ್ವರ್ಣಲತಾ ಆ ಮೀನಿನ ಪುಳಿಮುಂಚಿ ಸಾರು ಮಾಡಿದಳು. ಬೇಡವೆನ್ನಲು ಬಾಯಿ ಬರದೆ ನಾನೂ ತಿಂದೆ. ಬಲೆಯಲ್ಲಿ ಉಳಿದಿದ್ದ ಮೀನು ಹಂಚುವಾಗ ಒಂದು ಪಾಲು ಕಡಿಮೆ ಬಿತ್ತಂತೆ, ಅಪ್ಪ ತನ್ನದನ್ನು ಇಲ್ಲಿಗೆ ಕಳಿಸಿದರು ಎಂದು ಚಂದು ನಿನ್ನೆ ಹೇಳಿದ.