ಹಿಮದ ರಸ್ತೆಯ ಪ್ರಶ್ನೆ

ಅಪ್ಪಾ, ನನಗೆ ಮದುವೆಯಾಯಿತು, ಮತ್ತು ಇವತ್ತು ನಿನ್ನ ಪ್ರಶ್ನೆ ಫಿನ್ಲೆಂಡಿನ ರಕ್ಷಣಾ ನೀತಿಯೊಳಗೆ ಸೇರಿತು! ಯಾವುದನ್ನು ಮೊದಲು ಹೇಳಲಿ ಎಂದು ತಿಳಿಯದೆ ಎರಡನ್ನೂ ಒಟ್ಟಿಗೇ ಹೇಳಿಬಿಟ್ಟೆ.

ಸರ್ಕಾರ ನೀತಿಯ ಕರಡನ್ನು ಊರೂರಿಗೂ ಕಳಿಸಿ ಅಭಿಪ್ರಾಯ ಕೇಳುತ್ತದಲ್ಲ, ಹೋದ ವರ್ಷ ನೀನೂ ಒಂದು ಹಾಳೆ ಬರೆದು ಕಳಿಸಿದ್ದೆ. "ಯುದ್ಧ ಬಂದರೆ ನಮ್ಮ ರಸ್ತೆಯ ಹಿಮ ತೆಗೆಯುವ ಒಬ್ಬನೇ ಡ್ರೈವರನ್ನೂ ಸೈನ್ಯಕ್ಕೆ ಕರೆಯುತ್ತೀರಿ. ಆಮೇಲೆ ಆಂಬುಲೆನ್ಸ್ ಹೇಗೆ ಬರಬೇಕು?" ಆ ಕರಡು ಬರೆಯುವ ಸಮಿತಿಯಲ್ಲೇ ಇರುವ ನಾನು ಅದನ್ನು 'ಇತರೆ' ಎಂಬ ಕಡತಕ್ಕೆ ಸೇರಿಸಿ ಫೋನಿನಲ್ಲಿ ನಕ್ಕಿದ್ದೆ. "ಅಪ್ಪಾ, ಇದು ದೇಶದ ರಕ್ಷಣೆ, ನಿಮ್ಮೂರಿನ ರಸ್ತೆಯಲ್ಲ." ನಾನೇ ಹುಟ್ಟಿ ಬೆಳೆದ ಊರನ್ನು ನಿಮ್ಮೂರು ಎಂದುಬಿಟ್ಟೆ. ಅಂದಿನಿಂದ ನೀನು ಫೋನ್ ಎತ್ತಿಲ್ಲ.

ಇಂದು ಸಮಿತಿಯ ಕೊನೆಯ ಸಭೆಯಿತ್ತು. ಆ ಹಾಳೆಯನ್ನು ಹುಡುಕಿ ತೆಗೆದು ನಾನೇ ಓದಿದೆ. ನಮ್ಮ ಮುಖ್ಯಸ್ಥರಾದ ಕರ್ನಲ್ ಪೆಸೊನೆನ್ ಕಾಫಿ ಲೋಟ ಕೆಳಗಿಟ್ಟರು.

"ಎರಡು ವರ್ಷದಿಂದ ಇಲ್ಲಿ ಕೂತಿದೀವಿ, ನಮಗ್ಯಾರಿಗೂ ಇದು ಹೊಳೀಲಿಲ್ವಲ್ಲ! ಯಾರ‍್ರೀ ಬರೆದಿದ್ದು?"

"ನಮ್ಮಪ್ಪ, ಸರ್."

"ಹಾಗಾದ್ರೆ ನಿಮ್ಮ ಕುರ್ಚಿ ಅವರಿಗೇ ಕೊಡ್ಬೇಕಿತ್ತು ಕಣಮ್ಮಾ!"

ಎಲ್ಲರೂ ನಕ್ಕರು, ನಾನು ಅತ್ತೆ. ಗಡಿ ಊರುಗಳ ರಸ್ತೆಯ ಹಿಮ ತೆಗೆಯುವವರನ್ನು ಸೈನ್ಯಕ್ಕೆ ಕರೆಯದೆ ಅವರ ಕೆಲಸದಲ್ಲೇ ಉಳಿಸಬೇಕೆಂದು ಅಲ್ಲೇ ಬರೆದುಕೊಂಡರು.

ಒಸ್ಸಿ, ಅಂದರೆ ನನ್ನ ಗಂಡ (ಗಂಡ! ಬರೆಯುವಾಗಲೂ ನಗು ಬರುತ್ತದೆ), ಇದನ್ನೆಲ್ಲ ಬಗ್ಗಿ ನೋಡಿ, "ಕಾಗದ ಯಾಕೆ? ಬಾಯಿಲ್ವಾ ನಿಂಗೆ? ನಡಿ, ಹೋಗೋಣ" ಅಂದ.

ಹಾಗಾಗಿ ಇದನ್ನು ಕಳಿಸುವುದಿಲ್ಲ. ಮದುವೆಗೆ ನಿನ್ನನ್ನು ಕರೆಯದಿದ್ದುದಕ್ಕೆ ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸುತ್ತೇನೆ. ಶುಕ್ರವಾರ, ಯೊಯೆನ್ಸೂದಿಂದ ನಮ್ಮೂರು ಲಿಯೆಕ್ಸಾಗೆ ಬರುವ ಸಂಜೆಯ ರೈಲಿನಲ್ಲಿ, ನಾವಿಬ್ಬರೂ.