ಫರ್ಗಲ್ ಮಾವ ಪುಸ್ತಕದಲ್ಲಿ ಬರೆದದ್ದು

ಬೆಲ್‌ಫಾಸ್ಟ್, ಗುರುವಾರ

ಅಜ್ಜಿ,

ಇವತ್ತು ಸ್ಟಾರ್ಮಾಂಟ್ ಶಾಸನಸಭೆಯಲ್ಲಿ ಹೊಸ ಶಾಸಕರೆಲ್ಲ ತಾವು ಐರ್ಲೆಂಡ್ ಕಡೆಯೋ ಬ್ರಿಟನ್ ಕಡೆಯೋ ಎಂದು ಪುಸ್ತಕದಲ್ಲಿ ಬರೆದರು. ನಿನ್ನ ಮಗ 'ಇತರೆ' ಎಂದು ಬರೆದ! ಗ್ಯಾಲರಿಯಿಂದ ನಾನೇ ನೋಡಿದೆ.

ಬ್ರಿಟನ್ ಕಡೆಯ ಮುದುಕ ಮೆಕ್‌ಕ್ಲರ್ಗ್ ಮಾವನನ್ನು ಹೊರಗೆ ಹಿಡಿದುಕೊಂಡ. "ಅಲ್ಲಯ್ಯಾ ಫರ್ಗಲ್, ಐರ್ಲೆಂಡ್ ಐರ್ಲೆಂಡ್ ಅಂತಿದ್ದ ನಿಮ್ಮಪ್ಪನ್ನ ಮೂವತ್ತು ವರ್ಷ ಬೈದೆ. ಇನ್ನು ಯಾರನ್ನ ಬೈಲಿ?"

ದೊಡ್ಡ ಮಸೂದೆಗೆ ಎರಡೂ ಕಡೆಯ ಬಹುಮತ ಬೇಕು, ಇತರೆಯವರ ಮತ ಯಾವ ಕಡೆಗೂ ಸೇರುವುದಿಲ್ಲ. "ಮತ್ತೆ ಯಾಕೆ ಮಾವ?" ಎಂದೆ.

"ನಂಗೆ ಓಟು ಹಾಕಿದೋರು ಎರಡೂ ಕಡೆಯವರು ಕಣೇ. ಅಮ್ಮಂಗೆ ಮಾತ್ರ ಬರೀಬೇಡ. ಭಾನುವಾರ ಊಟಕ್ಕೆ ಹೋದಾಗ ನಾನೇ ಹೇಳ್ತೀನಿ."

"ಹೋದ ಭಾನುವಾರಾನೂ ನೀನು ಹಂಗೇ ಅಂದಿದ್ದೆ. ನಾನಂತೂ ಮುಚ್ಚಿಡೋಳಲ್ಲ," ಎಂದೆ.

ಪಾಪ, ತಾನೇ ಅಂಚೆ ಕಚೇರಿಗೆ ಹೋಗಿ ಈ ಕಾರ್ಡಿಗೆ ಎರಡನೇ ದರ್ಜೆಯ ಸ್ಟಾಂಪ್ ತಂದ, ನಿಧಾನವಾಗಿ ಸೋಮವಾರ ತಲುಪಲಿ ಎಂದು. ನಾನು ನನ್ನ ಕಾಸಿನಲ್ಲಿ ಮೊದಲನೇ ದರ್ಜೆಯದು ಹಚ್ಚಿದ್ದೇನೆ.

ಅವನ ಸೋಫಾದಲ್ಲಿ ಮಲಗಿ ಕತ್ತು ಹಿಡಿದಿದೆ, ಉಳಿದಂತೆ ಆರಾಮ. ನಾನು ಶಾಲೆ ಬಿಟ್ಟಾಗ ನೀನು ಮಾಡಿದ ಹಾಗೆ ಶನಿವಾರವೆಲ್ಲ ಸಿಟ್ಟು ಮಾಡು. ಭಾನುವಾರ ಅವನಿಗೆ ಊಟ ಹಾಕು.

ಓರ್ಲಾ