ಒಂಬತ್ತನೇ ಅಂಕಣದ ತೇವ

೧೨ ಸೆಪ್ಟೆಂಬರ್ ೨೦೨೩, ಮಂಗಳವಾರ

ಪ್ರೀತಿಯ ತಂಗೀ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ನಿನ್ನ ಮಗಳ ಕೆಮ್ಮು ಕಡಿಮೆಯಾಯಿತೇ? ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕ್ಷಮಿಸು. ಚಾರ್ಜ್ ಇರಲಿಲ್ಲ, ಕೈತುಂಬ ಕೆಲಸವಿತ್ತು ಎಂದು ನಿನ್ನ ಭಾವನ ಬಾಯಲ್ಲಿ ಹೇಳಿಸಿದ್ದೆಲ್ಲ ಬರೀ ನೆವ. ಈಗಲೂ ಫೋನ್ ಬಿಟ್ಟು ಕಾಗದ ಬರೆಯುತ್ತಿರುವುದು ಯಾಕೆಂದರೆ, ನೀನು ಒಂದು ಸಲ ‘ಅಕ್ಕಾ’ ಎಂದರೆ ಸಾಕು, ನಾನು ಹೆದರಿ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆ.

ನಿನ್ನ ಭಾವ ಚೆನ್ನಾಗಿದ್ದಾರೆ. ಮಂಡಿನೋವು ಎಂದು ಮಾರ್ಕೆಟ್ಟಿಗೆ ಹೋಗುವುದಿಲ್ಲ, ಚೆಸ್ ಆಡಲು ಮಾತ್ರ ಮೂರನೇ ಮಹಡಿಗೆ ಓಡಿಕೊಂಡೇ ಹತ್ತುತ್ತಾರೆ. ಮೊನ್ನೆ ಭಾನುವಾರ ಅವರೇ ಹಿಡಿದು ಕೂರಿಸಿದರು: “ತಂಗಿ ಹೆಸರು ಬಂದ್ರೆ ಸಾಕು, ಟೀವಿ ಜೋರು ಮಾಡ್ತೀಯ. ಏನ್ ನಡೀತು, ಹೇಳು.” ಅವರಿಗೆ ಹೇಳಿದೆ. ಈಗ ನಿನಗೆ ಹೇಳಬೇಕು.

ಒಂಬತ್ತನೇ ಅಂಕಣದ ಸೌತೆ ಬಳ್ಳಿಗಳು ಒಣಗಿದ್ದು ನಿನ್ನ ಸೆನ್ಸರಿನಿಂದಲ್ಲ. ನನ್ನಿಂದ.

ಆ ಅಂಕಣ ಹಸಿರುಮನೆಯ ದೊಡ್ಡ ಫ್ಯಾನಿನ ಪಕ್ಕದ್ದು, ನಿನಗೇ ಗೊತ್ತು. ತೆಂಗಿನ ನಾರಿನ ಪುಡಿ ತುಂಬಿದ ಚೀಲ ಆ ಗಾಳಿಗೆ ಎಷ್ಟೆಂದು ನೀರು ಹಿಡಿದೀತು? ನೀನು ಚುಚ್ಚಿಟ್ಟ ಸೆನ್ಸರ್, ತೇವ ಕಡಿಮೆಯಾದ ಕೂಡಲೇ ತಂತಿಯಿಲ್ಲದೆ ಆಫೀಸಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಕಂಪ್ಯೂಟರ್ ಹನಿ ಪೈಪಿನ ವಾಲ್ವ್ ತೆರೆಯುತ್ತಿತ್ತು. ಜೊತೆಗೆ, ಸೂಪರ್‌ವೈಸರ್ ಎಂಬ ತಪ್ಪಿಗೆ, ನನ್ನ ಫೋನಿಗೂ ಒಂದು ಕಿರುಚಾಟ. ಉಳಿದ ಹನ್ನೊಂದು ಅಂಕಣಗಳು ದಿನಕ್ಕೆ ಮೂರೋ ನಾಲ್ಕೋ ಸಲ ಕಿರುಚಿದರೆ ಇದೊಂದು ಇಪ್ಪತ್ತು ಸಲ. ಊಟಕ್ಕೆ ಕೂತರೆ ಕುಂಯ್, ಮುಖ ತೊಳೆಯಲು ಹೋದರೆ ಕುಂಯ್. ಮೇ ತಿಂಗಳ ಆ ಸೋಮವಾರ ಬೆಳಗ್ಗೆ ನನಗೆ ತಲೆ ಕೆಟ್ಟುಹೋಯಿತು. ಹಾಳಾದ್ದು ಸಾಯಲಿ ಎಂದು ಸೆನ್ಸರನ್ನು ಕಿತ್ತು, ನೀರಿನ ಟ್ಯಾಂಕಿನ ಪಕ್ಕ ಪೈಪ್ ಸೋರಿ ಯಾವಾಗಲೂ ಒದ್ದೆಯಾಗಿರುವ ಹಳೆಯ ಚೀಲವೊಂದಕ್ಕೆ ಚುಚ್ಚಿದೆ. ಫೋನ್ ಗಪ್‌ಚುಪ್. ಒಂಬತ್ತನೇ ಅಂಕಣಕ್ಕೆ ನಾನೇ ವಾಲ್ವ್ ತಿರುಗಿಸಿ ನೀರು ಬಿಟ್ಟೆ. ಸಂಜೆ ಸೆನ್ಸರನ್ನು ಅದರ ಜಾಗದಲ್ಲಿ ಚುಚ್ಚಿದರಾಯಿತು ಎಂದುಕೊಂಡೆ. ಸಂಜೆಯಾಗುವಷ್ಟರಲ್ಲಿ ಜ್ವರ ಬಂದು ಮನೆಗೆ ಹೋದೆ, ಎರಡು ದಿನ ಮಲಗಿಬಿಟ್ಟೆ. ಮರೆತೇಹೋಯಿತು. ನಾನಿಲ್ಲದ ದಿನ ಸಾಲುಗಳಲ್ಲಿ ಓಡಾಡುವವರು ಯಾರೂ ಇರಲಿಲ್ಲ. ಎಲ್ಲರೂ ಕಂಪ್ಯೂಟರ್ ನೋಡಿ ನೆಮ್ಮದಿಯಾಗಿದ್ದರು.

ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಎಂಟುನೂರು ಬಳ್ಳಿಗಳು ಹಗ್ಗದ ಮೇಲಿನ ಹಳೇ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಬೆರಳುದ್ದದ ಕಾಯಿಗಳು ಬಳ್ಳಿಯಲ್ಲೇ ಸುಕ್ಕುಗಟ್ಟಿದ್ದವು. ಆಗ ನಾನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ನೀರು ಬಿಡಲಿಲ್ಲ. ಟ್ಯಾಂಕಿನ ಹತ್ತಿರ ಓಡಿ, ಸೆನ್ಸರನ್ನು ಕಿತ್ತು, ಏಪ್ರನ್ನಿನಲ್ಲಿ ಒರೆಸಿ, ಅದರ ಹಳೆಯ ತೂತಿಗೇ ಚುಚ್ಚಿದೆ. ಆಮೇಲೆ ಜನರನ್ನು ಕೂಗಿದೆ.

ಮಧ್ಯಾಹ್ನ ನೀನು ಬಂದೆ. ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಅದೇ ಸೆನ್ಸರನ್ನು ಒಣ ಚೀಲಕ್ಕೊಮ್ಮೆ, ಒದ್ದೆ ಚೀಲಕ್ಕೊಮ್ಮೆ ಚುಚ್ಚಿ ಚುಚ್ಚಿ ನೋಡಿದೆ. ಪ್ರತಿ ಸಲವೂ ಅದು ಸರಿಯಾಗೇ ಹೇಳಿತು. “ಅಕ್ಕಾ, ಇದು ಸರಿಯಾಗೇ ಇದೆ. ಆ ಮೂರು ದಿನ ಮಾತ್ರ ಇದಕ್ಕೆ ಏನಾಗಿತ್ತು?” ಎಂದು ಬೇರೆ ಯಾರನ್ನೂ ಅಲ್ಲ, ನನ್ನನ್ನೇ ಕೇಳಿದೆ. ನಾನು ಚಹಾ ತಂದುಕೊಟ್ಟೆ. ಸಕ್ಕರೆ ಸಾಕೇ ಎಂದು ಬೇರೆ ವಿಚಾರಿಸಿದೆ. ನೆನೆಸಿಕೊಂಡರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಹಸಿರುಮನೆಯ ಮಾಲೀಕರು ನಿಮ್ಮ ಸೆನ್ಸರ್ ಕಂಪನಿಯವರನ್ನು ಕರೆಸಿದ ದಿನ ನಿನ್ನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದ್ದರು. ಒಳಗೆ ನನ್ನನ್ನು ಕೇಳಿದರು, ನಿಮ್ಮ ತಂಗಿ ಕೆಲಸದಲ್ಲಿ ಹೇಗೆ ಎಂದು. ನಾನು ನಗುತ್ತಾ ಹೇಳಿದೆ: “ಚಿಕ್ಕಂದಿನಿಂದ್ಲೂ ಸ್ವಲ್ಪ ಗಡಿಬಿಡಿ ಅವಳು. ಮನೇಲಿ ಕರೆಯೋದೇ ಹಾಗೆ.” ಅವರೂ ನಕ್ಕರು. ಅಲ್ಲಿಗೆ ತೀರ್ಮಾನವಾಯಿತು. ಸೆನ್ಸರನ್ನು ಸರಿಯಾಗಿ ಹೊಂದಿಸಿರಲಿಲ್ಲ ಎಂದು ನಿನ್ನ ಹೆಸರಿನ ಮುಂದೆ ಬರೆದರು. ಹತ್ತು ವರ್ಷ ಹಸಿರುಮನೆಗಳನ್ನು ಸುತ್ತಿದವಳನ್ನು ಬೇರೆ ಊರಿನ ಗೋದಾಮಿಗೆ ಹಾಕಿ, ಡಬ್ಬಿಗಳಿಗೆ ಚೀಟಿ ಅಂಟಿಸು ಎಂದರು. ಗಡಿಬಿಡಿ ಎಂಬುದು ನಿನಗೆ ನಡೆಯಲು ಕಲಿಸಿದಾಗ ನಾನು ಮುದ್ದಿಗೆ ಇಟ್ಟ ಹೆಸರು. ಅದನ್ನೇ ನಿನ್ನ ಮೇಲೆ ಸಾಕ್ಷಿ ಹೇಳಲು ಕರೆದುಕೊಂಡು ಹೋದೆನಲ್ಲ ಎಂದು ನಾಚಿಕೆಯಾಗುತ್ತದೆ.

ನಿನ್ನೆ ಮಾಲೀಕರ ಕೋಣೆಗೆ ಹೋಗಿ ನಿಂತೆ. ಕೂತುಕೊಳ್ಳಿ ಎಂದರು, ಕೂರಲಿಲ್ಲ. ಸೆನ್ಸರ್ ಕಿತ್ತದ್ದು, ತಿರುಗಿ ಚುಚ್ಚಿದ್ದು ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. “ನಾಲ್ಕು ತಿಂಗಳು ಹೇಗೆ ಸುಮ್ನಿದ್ರಿ?” ಎಂದರು. ಬೈದಿದ್ದರೆ ವಾಸಿಯಿತ್ತು. ನನ್ನ ಎದುರಿಗೇ ನಿಮ್ಮ ಕಂಪನಿಗೆ ಪತ್ರ ಬರೆದರು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಈ ವಾರದೊಳಗೆ ನಿನ್ನನ್ನು ಕರೆಯಬಹುದು. ಕರೆದರೆ ಹೋಗು, ಗೋದಾಮಿನಲ್ಲೇ ಇರುತ್ತೇನೆ ಎಂದು ಹಟ ಹಿಡಿಯಬೇಡ. ನಾನು ಇವತ್ತಿನಿಂದ ಪ್ಯಾಕಿಂಗ್ ಕೋಣೆಯಲ್ಲಿ ಸೌತೆಕಾಯಿಯನ್ನು ಉದ್ದ ನೋಡಿ ಪೆಟ್ಟಿಗೆಗೆ ಜೋಡಿಸುತ್ತಿದ್ದೇನೆ. ಅಯ್ಯೋ ಪಾಪ ಅನ್ನಬೇಡ, ಅದಕ್ಕೆ ಬರೆದ ಕಾಗದವಲ್ಲ ಇದು.

ನಿನ್ನ ಕೈಗೆ ನಿನ್ನ ಕೆಲಸ ಮರಳಿ ಬರಲಿ. ಯಾವ ಹಸಿರುಮನೆಗೆ ಹೋದರೂ ತಲೆಯೆತ್ತಿ ಒಳಗೆ ಹೋಗುವ ಹಾಗಾಗಲಿ. ಮಗು ಚೆನ್ನಾಗಿರಲಿ. ನನ್ನ ಮೇಲೆ ಕೋಪ ಇರುವಷ್ಟು ದಿನ ಇರಲಿ, ನಾನು ಆತುರಪಡುವುದಿಲ್ಲ.

ಇನ್ನೂ ಹಾಗೆ ಬರೆದುಕೊಳ್ಳಬಹುದಾದರೆ,
ನಿನ್ನ ಅಕ್ಕ

ತಾ.ಕ.: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದೆ. ಮರೆತೇಹೋಯಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಮಾಲೀಕರಿಗೂ ನಿನ್ನ ಭಾವನಿಗೂ ಅದನ್ನೇ ಹೇಳಿದ್ದೇನೆ. ಜ್ವರ ನಿಜ. ಆದರೆ ಮಂಗಳವಾರ ಮಧ್ಯಾಹ್ನ ಮಲಗಿದ್ದಲ್ಲೇ ನೆನಪಾಯಿತು. ಫೋನ್ ದಿಂಬಿನ ಪಕ್ಕದಲ್ಲೇ ಇತ್ತು, ಯಾರಿಗಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದರ ಹಿಂದಿನ ವಾರ ಹಸಿರುಮನೆ ನೋಡಲು ಬಂದವರಿಗೆ ಮಾಲೀಕರು, ಇನ್ನು ಸಾಲು ಸಾಲು ತಿರುಗಿ ನೋಡುವ ಜನ ಬೇಕಿಲ್ಲ ಎಂದಿದ್ದರು. ನೀನು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದೆ. ನಾನು ಇಪ್ಪತ್ತಾರು ವರ್ಷ ಆ ಸಾಲುಗಳನ್ನು ತಿರುಗಿದವಳು. ಒಂದು ದಿನ ಎಲೆ ಬಾಡಲಿ, ಅಕ್ಕ ಇಲ್ಲದೆ ಆಗುವುದಿಲ್ಲ ಎಂದು ನೀನೇ ಎಲ್ಲರೆದುರು ಹೇಳುವ ಹಾಗಾಗಲಿ ಎಂದುಕೊಂಡೆ. ಬಳ್ಳಿಗಳು ಸಾಯುತ್ತವೆ ಎಂದು ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಇಷ್ಟು ವರ್ಷ ಬೆಳೆಸಿದವಳಿಗೆ ಗೊತ್ತಿರುವುದಿಲ್ಲವೇ? ಗೊತ್ತಿತ್ತು. ಫೋನನ್ನು ದಿಂಬಿನ ಕೆಳಗೆ ತಳ್ಳಿ, ಮಗ್ಗುಲು ಬದಲಿಸಿ ಮಲಗಿದೆ.